ಗಿರಣಿಯಲ್ಲೇ ಉಳಿದ ಮೆಣಸಿನಪುಡಿ

ಕಿಶ್‌ಹಾಲೊಮ್,
ನವೆಂಬರ್ 6, ಭಾನುವಾರ

ಮಗಳು ಎತೆಲ್ಕಾಗೆ ನಿನ್ನ ಸೋದರಮಾವ ವೆಂಡೆಲ್‌ನ ಮುತ್ತುಗಳು, ನಿನ್ನ ಪುಟ್ಟ ಯೂಲಿಗೆ ಎರಡು ಹೆಚ್ಚಿಗೆ.

ಡ್ಯಾನ್ಯೂಬಿಗೂ ತಿಸಾ ಹೊಳೆಗೂ ನಡುವಿನ ಸೀಮೆಯಲ್ಲಿ ಕೆಂಪು ಮೆಣಸಿನಪುಡಿಯ ಕೋಳಿ ಪಾಪ್ರಿಕಾಶ್ ಮಾಡುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ನನ್ನ ಹೆಸರು ಕೇಳಿ ತೊಟ್ಟಿಲಲ್ಲೇ ನಾಚಿಕೊಂಡಿರಬೇಕು. ಸೈನ್ಯದಲ್ಲಿ ಅಡುಗೆಯವನಾಗಿದ್ದಾಗ ಒಬ್ಬ ರಷ್ಯನ್ ಜನರಲ್ ನನ್ನ ಕೈಯ ಕೋಳಿ ತಿಂದು, ಐದೂ ಬೆರಳು ನೆಕ್ಕಿ, ತನ್ನ ಎದೆಯ ಮೇಲಿದ್ದ ಹದಿನಾಲ್ಕು ಪದಕಗಳನ್ನೂ ಕಿತ್ತು ನನ್ನ ಎದೆಗೆ ಚುಚ್ಚಿದ. ಹದಿನೈದನೆಯದನ್ನು ನಾನೇ ಬೇಡವೆಂದೆ, ಅಂಗಿ ಹರಿಯುತ್ತದೆ ಅಂತ. ಈ ಕಥೆಯನ್ನು ನೀನು ನಾಲ್ಕು ವರ್ಷದವಳಿದ್ದಾಗಿನಿಂದ ಕೇಳುತ್ತಿದ್ದೀಯ. "ಮತ್ತೆ ಪದಕ ಎಲ್ಲಿ ಮಾವಾ?" ಎಂದು ಪ್ರತಿ ಸಲವೂ ಕೇಳುತ್ತಿದ್ದೆ. "ಇಲಿ ತಿಂದ್ವು ಕಣೇ" ಎಂದು ಪ್ರತಿ ಸಲವೂ ಹೇಳುತ್ತಿದ್ದೆ. ಇವತ್ತೂ ಅದರಿಂದಲೇ ಶುರುಮಾಡಿದೆ, ಕ್ಷಮಿಸು. ಮೊದಲು ಒಂದು ಸುಳ್ಳು ಹೇಳದಿದ್ದರೆ ನನ್ನ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ನಮ್ಮ ಮೇಷ್ಟ್ರು ನಾಲ್ಕನೇ ಕ್ಲಾಸಿನಲ್ಲೇ ಹೇಳಿದ್ದರು, ಈ ಹುಡುಗನ ಅಕ್ಷರ ಚೆನ್ನಾಗಿದೆ, ಅದರಲ್ಲಿ ಬರೆಯುವುದೊಂದೂ ಚೆನ್ನಾಗಿಲ್ಲ ಅಂತ.

ನಿನ್ನ ಕಾಗದ ಗುರುವಾರ ಬಂತು. ನಾಲ್ಕೇ ಸಾಲು. ಮುಂದಿನ ಗುರುವಾರ ಪಟ್ಟಣದ ಕೋರ್ಟಿಗೆ ಹೋಗಿ ಗಂಡ ದೇನೆಶ್‌ನಿಂದ ಬಿಡುಗಡೆಯ ಪತ್ರಕ್ಕೆ ಸಹಿ ಹಾಕುತ್ತೀಯ, ಅಮ್ಮನ ಹೊಟ್ಟೆಗೆ ವಿಷ ಹಾಕಿದ ಕೈ ಮುರಿದುಕೊಡುವ ರೊಟ್ಟಿಯನ್ನು ಇನ್ನು ತಿನ್ನಲಾರೆ ಅಂತೀಯ. ನಾನು ಬಂದು ಆ ಕೆಂಪು ಬಣ್ಣದ ಬಗ್ಗೆ ಸಾಕ್ಷಿ ಹೇಳಬೇಕು ಅಂತ ಬರೆದಿದ್ದೀಯ.

ಆ ಸಾಕ್ಷಿಗೆ ನಾನು ಬರುವುದಿಲ್ಲ ಮಗಳೇ. ಈ ಕಾಗದವನ್ನು ಕೊನೆಯ ತನಕ ಓದದೆ ನೀನೂ ಆ ಪತ್ರಕ್ಕೆ ಸಹಿ ಹಾಕಬೇಡ. ದೇನೆಶ್ ಗೇಟಿಗೆ ಬಳಿದ ಬಣ್ಣಕ್ಕೂ ನಿನ್ನ ಅಮ್ಮನ ಸಾವಿಗೂ ಸಂಬಂಧವಿಲ್ಲ. ಅದು ನನಗೆ ಗೊತ್ತು. ಹೇಗೆ ಗೊತ್ತು ಅನ್ನುವುದನ್ನು ಬರೆಯಲು ಎರಡು ದಿನದಿಂದ ಕೂತಿದ್ದೇನೆ. ಒಲೆ ಹಚ್ಚಿದೆ, ಎದ್ದು ಬೂದಿ ತೆಗೆದೆ, ಮತ್ತೆ ಹಚ್ಚಿದೆ. ಇನ್ನು ಬರೆಯುತ್ತೇನೆ.

ನಿನ್ನ ಅಮ್ಮನ, ನನ್ನ ಕ್ಲಾರಾ ಅಕ್ಕನ, ಅಟ್ಟದಲ್ಲಿ ಜುಲೈ ತಿಂಗಳಲ್ಲೂ ಮೆಣಸಿನ ಸರಗಳು ತೂಗುತ್ತಿರುತ್ತಿದ್ದವು, ನಿನಗೆ ಗೊತ್ತಿರುವುದೇ. ಊರವರೆಲ್ಲ ಚಳಿಗಾಲದಲ್ಲೇ ಎಲ್ಲವನ್ನೂ ಪುಡಿ ಮಾಡಿಸಿಬಿಡುತ್ತಾರೆ, ಬೇಸಿಗೆಯ ಹೊತ್ತಿಗೆ ಅವರ ಪುಡಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಅಕ್ಕ ಹನ್ನೆರಡು ಸರ ಹಾಗೇ ಉಳಿಸಿಕೊಂಡು, ಜುಲೈನಲ್ಲಿ ಹೊಸದಾಗಿ ಬೀಸಿಸುತ್ತಿದ್ದಳು. ಹಾಗಾಗಿ ಆಗಸ್ಟ್ ಹನ್ನೆರಡಕ್ಕೆ, ಸಂತ ಕ್ಲಾರಾಳ ದಿನ, ಅವಳ ಹೆಸರಿನ ಹಬ್ಬಕ್ಕೆ, ಇಡೀ ಬೀದಿಯಲ್ಲಿ ಅವಳೊಬ್ಬಳ ಕೋಳಿ ಮಾತ್ರ ಕೆಂಪಗಿರುತ್ತಿತ್ತು. ಪ್ರಾಣ ಕೊಟ್ಟಾಳು, ಆ ಕೆಂಪು ಬಿಡಳು.

ಈ ವರ್ಷ ಅವಳಿಗೆ ಮಂಡಿನೋವು. ದೋಣಿಯಲ್ಲಿ ಹೊಳೆ ದಾಟಿ ಗಿರಣಿಗೆ ಹೋಗಲಾರಳು. ಸರ ಬಿಚ್ಚಿ, ತೊಟ್ಟು ಕಿತ್ತು, ಚೀಲಕ್ಕೆ ತುಂಬಿ, ಚೀಲದ ಮೇಲೆ ಸೀಮೆಸುಣ್ಣದಲ್ಲಿ "ಕ್ಲಾರಾ" ಎಂದು ಬರೆದು ನನ್ನ ಸೈಕಲ್ಲಿಗೆ ಕಟ್ಟಿದಳು.

"ಲೋ ವೆಂಡೆಲ್, ಸೀದಾ ಹೋಗಿ ಸೀದಾ ಬಾ. ದಾರೀಲಿ ಯಾರಾದ್ರೂ ಕರೆದ್ರೆ ಕಿವುಡು ಅಂದ್ಕೋ."

"ಅಕ್ಕಾ, ನಾನು ಇಸ್ಪೀಟು ಬಿಟ್ಟು ಮೂರು ವರ್ಷ ಆಯ್ತು."

"ನೀನು ಬಿಟ್ಟೆ ಸರಿ. ಅದು ನಿನ್ನನ್ನ ಬಿಟ್ಟಿದ್ಯಾ ಕೇಳು."

ಸೋಮವಾರ ಹೊಳೆಯಾಚೆಯ ಕೆಲೆಮೆನ್‌ನ ಗಿರಣಿಗೆ ಚೀಲ ಹಾಕಿದೆ. ಶುಕ್ರವಾರ ಬಾ ಅಂದ. ಶುಕ್ರವಾರ ಅಕ್ಕ ಬೀಸುವ ಕೂಲಿಯನ್ನು ಕರವಸ್ತ್ರದ ತುದಿಗೆ ಗಂಟು ಕಟ್ಟಿ ಕೊಟ್ಟಳು, ಸ್ಕೂಲಿಗೆ ಹೋಗುವ ಮಗುವಿಗೆ ಕೊಡುವ ಹಾಗೆ. ದೋಣಿ ಇಳಿದ ತಕ್ಷಣ ಪಡಖಾನೆ. ಪಡಖಾನೆಯ ಕಿಟಕಿಯಲ್ಲಿ ಕ್ಷೌರದ ಬಾಲಿಂತ್. ನಾನು ಕಿವುಡನಾಗಲಿಲ್ಲ.

ಅವತ್ತು ಅಲ್ಲಿ ಕೂತಿದ್ದವರು ಸಾಮಾನ್ಯರಲ್ಲ ಎತೆಲ್ಕಾ. ಬುಡಾಪೆಸ್ಟಿನಿಂದ ಬಂದ ಒಬ್ಬ ಆಸಾಮಿ, ಕೈಗೆ ಮೂರು ಉಂಗುರ, ಎಲೆ ಕಲಸಿದರೆ ಪಾರಿವಾಳ ಹಾರಿದ ಹಾಗೆ ಸದ್ದು. ಮೂರು ಜಿಲ್ಲೆಯಲ್ಲಿ ಅವನನ್ನು ಗೆದ್ದವರಿಲ್ಲ. ನಾನು ಎರಡು ಗಂಟೆ ಅವನನ್ನು ಬೆವರಿಳಿಸಿದೆ. ಆಮೇಲೆ ಅದೃಷ್ಟ ತಿರುಗಿತು. ಎಂಬತ್ತು ಸಾವಿರ ಫೊರಿಂಟ್ ಹೋಯಿತು. ಅದರ ಜೊತೆಗೆ ಅಕ್ಕನ ಗಂಟೂ ಹೋಯಿತು.

ಗಿರಣಿಗೆ ಬರಿಗೈಯಲ್ಲಿ ಹೋದೆ. ನಮ್ಮ ಪುಡಿ ತಯಾರಿತ್ತು. ಚೀಲದ ಬಾಯಿ ಬಿಚ್ಚಿ ತೋರಿಸಿದ ಕೆಲೆಮೆನ್. ಆ ವಾಸನೆ! ಅಟ್ಟದ ವಾಸನೆ, ನಿನ್ನ ಅಜ್ಜಿಯ ವಾಸನೆ. ಸಾಲ ಹೇಳಿದೆ.

"ಸಾಲ ಇಲ್ಲ ವೆಂಡೆಲ್. ದುಡ್ಡು ತಾ, ಚೀಲ ತಗೊಂಡ್ಹೋಗು."

"ನನ್ನ ಮಾತಿಗೆ ಬೆಲೆ ಇಲ್ವಾ?"

"ಇದೆ. ಅದಕ್ಕೇ ಚೀಲ ಇಲ್ಲಿರತ್ತೆ. ಪದಕ ಗಿದಕ ಅಡ ಇಡೋಕೆ ತರಬೇಡ, ನಮ್ಮಲ್ಲೂ ಇಲಿ ಇದಾವೆ."

ಗಿರಣಿಯಲ್ಲಿದ್ದವರೆಲ್ಲ ನಕ್ಕರು. ಹೆಂಗಸರೂ ನಕ್ಕರು. ಅಕ್ಕನ ಹತ್ತಿರ ಹೋಗಿ ಕೂಲಿ ಕಳೆದೆ ಅಂದಿದ್ದರೆ ಏನಾಗುತ್ತಿತ್ತು? ಬೈಯುತ್ತಿದ್ದಳು, ಸೌಟಿನಲ್ಲಿ ಹೊಡೆಯುತ್ತಿದ್ದಳು, ಮತ್ತೊಂದು ಗಂಟು ಕಟ್ಟಿ ಕೊಡುತ್ತಿದ್ದಳು. ಅಷ್ಟೇ. ಅರವತ್ತೊಂದು ವರ್ಷದವನಾಗಿ ನನಗೆ ಆ ಸೌಟಿನ ಏಟು ತಿನ್ನುವುದು ಬೇಡವಾಯಿತು.

ಈಚೆ ದಡದ ಸಂತೆಯ ಮೂಲೆಯಲ್ಲಿ ಒಂದು ಬೂದು ಬಣ್ಣದ ವ್ಯಾನು ನಿಂತಿತ್ತು. ಹಿಂದಿನ ಬಾಗಿಲು ತೆರೆದು ಒಬ್ಬ ಪುಡಿ ಮಾರುತ್ತಿದ್ದ, ನಮ್ಮ ಕಡೆಯವನಲ್ಲ. ಪ್ಲಾಸ್ಟಿಕ್ ಚೀಲ, ಅಂಗಡಿಯ ಬೆಲೆಯಲ್ಲಿ ಮೂರನೆಯ ಒಂದು ಪಾಲು. ಎಂಥ ಕೆಂಪು ಮಗಳೇ! ಜುಲೈ ತಿಂಗಳಲ್ಲಿ ಅಂಥ ಕೆಂಪು ಭೂಮಿಯ ಮೇಲೆ ಇರುವುದಿಲ್ಲ. ಈ ಊರಲ್ಲಿ ಹುಟ್ಟಿದ ಯಾರಿಗಾದರೂ ಅದು ಗೊತ್ತಾಗಬೇಕು. ನನಗಂತೂ ಗೊತ್ತಾಗಲೇಬೇಕು. ಕಣ್ಣು ಮುಚ್ಚಿಕೊಂಡು ವಾಸನೆಯಿಂದಲೇ ಯಾವ ಬೀದಿಯ ಮೆಣಸು ಅಂತ ಹೇಳಬಲ್ಲೆ ಎಂದು ಜಂಬ ಕೊಚ್ಚಿದವನು ನಾನು. ಬೆರಳಲ್ಲಿ ಚಿಟಿಕೆ ತೆಗೆದು ಮೂಸಿದೆ. ಏನೂ ಬರಲಿಲ್ಲ. ಮಾರುವವನು ನನ್ನ ಮುಖ ನೋಡಿ, "ತಜ್ಞರಿಗೆ ಹೇಳಬೇಕಾದ್ದಿಲ್ಲ ಯಜಮಾನ್ರೇ, ಕೆಂಪೇ ಹೇಳತ್ತೆ" ಅಂದ. ತಜ್ಞ ಅಂದ ನೋಡು. ಮನೆಗೆ ಹೋಗಿ ನನ್ನ ಪ್ಲಮ್ ಹಣ್ಣಿನ ಸಾರಾಯಿ, ಪಾಲಿಂಕಾ, ಎರಡು ಬಾಟಲಿ ತಂದು ಕೊಟ್ಟು, ಐದು ಕಿಲೋ ಪುಡಿ ತೆಗೆದುಕೊಂಡೆ.

ಅಕ್ಕನಿಗೆ, ಚೀಲ ಹರಿಯಿತು, ಕೆಲೆಮೆನ್ ಪ್ಲಾಸ್ಟಿಕ್ಕಿನಲ್ಲಿ ಹಾಕಿಕೊಟ್ಟ ಎಂದೆ. ಅವಳು ಆ ಹಳೆಯ ತಗಡಿನ ಡಬ್ಬಿಗೆ ಸುರಿದಳು. ಎತ್ತಿ ಗೂಡಿನಲ್ಲಿಡುವಾಗ ನಿಂತಳು.

"ಈ ಸಲ ಯಾಕೋ ಭಾರ ಇದೆಯಲ್ಲೋ."

"ನಿನ್ನ ಕೈಯಲ್ಲಿ ಶಕ್ತಿ ಇಲ್ಲ ಅನ್ನು."

ಹೆಬ್ಬೆರಳಿನ ಉಗುರಿನ ಮೇಲೆ ಚೂರು ಕೊಬ್ಬು ಸವರಿ, ಚಿಟಿಕೆ ಪುಡಿ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದಳು. ಯಾವಾಗಲೂ ಹಾಗೆ ನೋಡುವವಳೇ ಅಲ್ಲವೇ. ಆಮೇಲೆ ಮೂಗಿಗೆ ಹಿಡಿದಳು.

"ಬಣ್ಣ ಏನೋ ಇದೆ. ವಾಸನೆ ಎಲ್ಲೋ?"

"ಅಕ್ಕಾ, ಬಣ್ಣ ಪುಡಿಯದ್ದು, ವಾಸನೆ ಮೂಗಿನದ್ದು. ನಿನ್ನ ಮೂಗಿಗೆ ಅರವತ್ತೆಂಟು ವರ್ಷ ಆಯ್ತು."

ಅವಳು ನಕ್ಕಳು. "ಇರಬಹುದು ಕಣೋ" ಅಂದಳು. ಐವತ್ತು ವರ್ಷ ಮೆಣಸು ಮೂಸಿದ ಮೂಗನ್ನು ಬಿಟ್ಟು ನನ್ನ ಬಾಯಿಯನ್ನು ನಂಬಿದಳು. ಇದನ್ನು ಬರೆಯುವಾಗ ನನ್ನ ಕೈ ನಿಂತಿತ್ತು. ಮೇಲಿನ ಮಸಿಯ ಕಲೆ ಅದೇ.

ಹೆಸರಿನ ಹಬ್ಬದ ದಿನ ನಿನಗೆ ನೆನಪಿದೆ. ಪಟ್ಟಣದಿಂದ ನೀವು ಮೂವರೂ ಬೆಳಗಿನ ಬಸ್ಸಿಗೆ ಬಂದಿರಿ. ದೇನೆಶ್ ರಜೆ ಹಾಕಿ ಅದರ ಹಿಂದಿನ ವಾರವೇ ಬಂದು ಅಕ್ಕನ ಗೇಟಿನ ತುಕ್ಕು ಕೆರೆದು, ಕೆಂಪು ಬಣ್ಣ ಬಳಿದುಹೋಗಿದ್ದ. ತುಕ್ಕು ಹಿಡಿಯದ ಹಾಗೆ ಮೊದಲು ಬಳಿಯುತ್ತಾರಲ್ಲ, ಆ ಸೀಸದ ಬಣ್ಣ. ಅವನ ಉಗುರಿನ ಸಂದಿಯಲ್ಲಿ ಇನ್ನೂ ಇತ್ತು. "ಏನು ಅಳಿಯಂದ್ರೇ, ಗೇಟಿಗೆ ಬಳಿದ್ರೋ ಮದರಂಗಿ ಹಾಕ್ಕೊಂಡ್ರೋ?" ಅಂತ ನಾನೇ ಗೇಲಿ ಮಾಡಿದೆ. ಎಲ್ಲರೂ ನಕ್ಕಿರಿ. ಆ ಗೇಲಿ ಆಮೇಲೆ ನನಗೆ ಎಷ್ಟು ಉಪಯೋಗಕ್ಕೆ ಬಂತು ಅಂತ ಮುಂದೆ ಹೇಳುತ್ತೇನೆ.

ಅಕ್ಕನನ್ನು ಅಡುಗೆಮನೆಯಿಂದ ಆಚೆ ಅಟ್ಟಿ ನಾನೇ ಸೌಟು ಹಿಡಿದೆ. ಹಿತ್ತಲಿನ ಕೆಂಚು ಹುಂಜವನ್ನು ಕೊಯ್ದೆ. ಹಂದಿಯ ಕೊಬ್ಬು ಕರಗಿಸಿ, ಈರುಳ್ಳಿಯನ್ನು ಮರಳಿನಷ್ಟು ಸಣ್ಣಗೆ ಹೆಚ್ಚಿ, ಗಾಜಿನಂತಾಗುವ ತನಕ ಬಾಡಿಸಿದೆ. ಆಮೇಲೆ ಪಾತ್ರೆಯನ್ನು ಬೆಂಕಿಯಿಂದ ಇಳಿಸಿದೆ. ಬೆಂಕಿಯ ಮೇಲೆ ಪುಡಿ ಹಾಕಿದರೆ ಕಹಿ, ಇಳಿಸಿ ಹಾಕಿದರೆ ಸಿಹಿ, ಇದು ನಮ್ಮಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ನಮ್ಮ ಪುಡಿಯಾಗಿದ್ದರೆ ಬಿಸಿ ಕೊಬ್ಬಿನ ಮೇಲೆ ಹರಡಿ ಒಂದು ಉಸಿರು ಬಿಡುತ್ತದೆ, ಆ ಉಸಿರು ಬೀದಿಯ ತನಕ ಹೋಗುತ್ತದೆ. ಇದು ಉಸಿರು ಬಿಡಲಿಲ್ಲ. ಹೊಳೆಯ ಮರಳಿನ ಹಾಗೆ ಸುಮ್ಮನೆ ತಳಕ್ಕೆ ಹೋಗಿ ಕೂತಿತು. ನಾನು ಕಂಡೆ ಎತೆಲ್ಕಾ. ಕಾಣಲಿಲ್ಲ ಎಂದು ಬರೆಯಲು ಮೂರು ಹಾಳೆ ಹರಿದೆ. ಕಂಡೆ. ಕಂಡು, ಇನ್ನೂ ಎರಡು ಚಮಚ ಹಾಕಿದೆ, ರುಚಿ ಸಾಲದಿದ್ದರೆ ಬಣ್ಣವಾದರೂ ಇರಲಿ ಅಂತ. ಕೋಳಿಯ ತುಂಡು ಹಾಕಿ, ಅದರ ನೀರಲ್ಲೇ ಬೇಯಿಸಿ, ಕೊನೆಗೆ ಹುಳಿ ಕೆನೆ ಬೆರೆಸಿದೆ. ಆಚೆ ಬದಿಯ ಒಲೆಯಲ್ಲಿ ಹಿಟ್ಟಿನ ಚಿಕ್ಕ ಉಂಡೆಗಳ ನೊಕೆಡ್ಲಿ ಕುದಿಯುತ್ತಿತ್ತು, ನೀನು ಸೌತೆಕಾಯಿ ಹೆಚ್ಚುತ್ತಿದ್ದೆ.

ಮೇಜಿನ ಮೇಲೆ ಪಾತ್ರೆ ಇಟ್ಟಾಗ ಎಲ್ಲರೂ "ಆಹಾ" ಅಂದಿರಿ. ದೇನೆಶ್, "ಮಾವಾ, ಇದನ್ನ ತಿನ್ನೋದೋ ಗೋಡೆಗೆ ನೇತು ಹಾಕೋದೋ?" ಅಂದ. ಯೂಲಿ ಮಾತ್ರ ತುದಿನಾಲಿಗೆಗೆ ಸೋಕಿಸಿ ತಟ್ಟೆ ಹಿಂದಕ್ಕೆ ತಳ್ಳಿದಳು.

"ನಂಗೆ ಕೆಂಪು ಬೇಡ. ಮೊಳೆ ಥರ ಇದೆ."

"ಮೊಳೆ ತಿಂದು ನೋಡಿದ್ದೀಯೇನೇ ಪುಟ್ಟಿ?" ಎಂದು ನಾನು ಅವಳ ಮೂಗು ಹಿಡಿದು ಒಂದು ಚಮಚ ಬಾಯಿಗೆ ಇಟ್ಟೆ. ನುಂಗಿದಳು. ನೀನು, "ಬಿಡಿ ಮಾವಾ, ಬರೀ ನೊಕೆಡ್ಲಿ ತಿನ್ಲಿ" ಎಂದು ಬಿಡಿಸಿದೆ. ಅಷ್ಟಕ್ಕೇ ಬಿಡಿಸಿದೆಯಲ್ಲ, ಅದಕ್ಕಾಗಿ ನಾನು ದಿನವೂ ನಿನ್ನ ಹೆಸರು ಹೇಳಿ ಶಿಲುಬೆ ಗುರುತು ಹಾಕಿಕೊಳ್ಳುತ್ತೇನೆ.

ಅಕ್ಕ ಜೀವಮಾನವಿಡೀ ಕೋಳಿಯ ಬೆನ್ನು, ಕುತ್ತಿಗೆ ತಿಂದವಳು. ಅವತ್ತು ನಾನು ತೊಡೆಯನ್ನು ಎತ್ತಿ ಅವಳ ತಟ್ಟೆಗೆ ಹಾಕಿದೆ. "ಅಯ್ಯೋ ಇದು ಗಂಡಸರದ್ದು ಕಣೋ" ಅಂದಳು. ತಿಂದಳು. ರೊಟ್ಟಿಯ ತುಂಡಿನಿಂದ ತಟ್ಟೆಯ ತಳವನ್ನು ಒರೆಸಿ ಒರೆಸಿ ತಿಂದಳು. ಆ ತಳದಲ್ಲೇ ಅದೆಲ್ಲ ಕೂತಿತ್ತು.

ನೀವು ಸಂಜೆಯ ಬಸ್ಸಿಗೆ ಹೋದಿರಿ. ನಿಮ್ಮದು ಒಂದು ಊಟ. ನಾನು ನನ್ನ ಮನೆಯಲ್ಲಿ ರೊಟ್ಟಿಗೆ ಹಸಿ ಈರುಳ್ಳಿ ಕಚ್ಚಿಕೊಂಡು ಬದುಕುವವನು. ಅಕ್ಕ ಮಾತ್ರ ಆ ಡಬ್ಬಿಯಿಂದ ದಿನವೂ ತಿಂದಳು. ಆಲೂಗಡ್ಡೆಗೆ, ಹುರುಳಿಕಾಯಿಗೆ, ಕೊಬ್ಬು ಸವರಿದ ರೊಟ್ಟಿಯ ಮೇಲೆ. ಜುಲೈ ಕೊನೆಯಿಂದ ಅವಳ ಹೊಟ್ಟೆಯಲ್ಲಿದ್ದುದು ಅದೇ.

ಆಗಸ್ಟ್ ಮುಗಿಯುವ ಮುಂಚೆ ಹೊಟ್ಟೆ ಹಿಂಡಲು ಶುರುವಾಯಿತು. ಬಾಯಲ್ಲಿ ಚಿಲ್ಲರೆ ಕಾಸು ಇಟ್ಟುಕೊಂಡ ಹಾಗಿದೆ ಅನ್ನುತ್ತಿದ್ದಳು. ಮುಖ ಮೇಣದ ಬತ್ತಿಯಾಯಿತು. ಕಿಡ್ನಿ ಮೊದಲೇ ದುರ್ಬಲ. ಆಸ್ಪತ್ರೆಯಲ್ಲಿ ರಕ್ತ ತೆಗೆದು ಸೀಸ ಇದೆ ಅಂದರು. ಡಾಕ್ಟರಮ್ಮ ನಮ್ಮನ್ನು ಸಾಲಾಗಿ ನಿಲ್ಲಿಸಿ ಕೇಳಿದರು: ಮನೆಯಲ್ಲಿ ಹಳೆಯ ಬಣ್ಣ ಇದೆಯಾ, ಹಳೆಯ ಕೊಳವೆ ಇದೆಯಾ, ಮೆಣಸಿನಪುಡಿ ಹೊರಗಿಂದ ತಂದದ್ದಾ.

"ಪುಡಿ ನಮ್ಮ ಅಟ್ಟದ್ದು ಡಾಕ್ಟ್ರೇ. ನಾನೇ ಗಿರಣಿಯಿಂದ ತಂದೆ" ಅಂದೆ. ಅಷ್ಟಕ್ಕೆ ಸುಮ್ಮನಾಗಿದ್ದರೆ ಒಂದು ಪಾಪ. ಅವರು ಇನ್ನೂ ನನ್ನನ್ನೇ ನೋಡುತ್ತಿದ್ದರು. ನನಗೆ ಹೆದರಿಕೆಯಾಯಿತು. "ನಮ್ಮ ಅಳಿಯ ಗೇಟಿಗೆ ಬಣ್ಣ ಬಳಿದ. ಬ್ರಷ್ ಅದ್ದಿದ ಡಬ್ಬ ಅಡುಗೆಮನೆ ಕಿಟಕೀಲಿ ಇತ್ತಪ್ಪ" ಅಂದೆ. ಅದು ಕೊಟ್ಟಿಗೆಯ ಕಿಟಕಿ ಎತೆಲ್ಕಾ. ಅಡುಗೆಮನೆಯದಲ್ಲ. ನೀನು ತಿರುಗಿ ದೇನೆಶ್‌ನ ಉಗುರು ನೋಡಿದೆ. ಅವನೂ ತನ್ನ ಉಗುರು ನೋಡಿಕೊಂಡ.

ಅಕ್ಕನನ್ನು ಹತ್ತು ದಿನ ಇಟ್ಟುಕೊಂಡು, ಸ್ವಲ್ಪ ಚೇತರಿಸಿದ ಮೇಲೆ ಮನೆಗೆ ಕಳಿಸಿದರು. ಬಣ್ಣದ ಡಬ್ಬ ಎಸೆದಾಯಿತು, ಇನ್ನೇನು ಭಯ ಅಂತ. ನೀನು ರಜೆ ಹಾಕಿ ಬಂದು ಅಮ್ಮನ ಜೊತೆ ನಿಂತೆ. ಆಗಲೇ ರೇಡಿಯೋದಲ್ಲಿ ಹೇಳಿದರು: ಸಂತೆಯಲ್ಲಿ ಬಿಡಿಯಾಗಿ ಮಾರಿದ ಮೆಣಸಿನಪುಡಿಯನ್ನು ಯಾರೂ ತಿನ್ನಬೇಡಿ, ಬಣ್ಣ ಬರಲೆಂದು ಅದಕ್ಕೆ ಸೀಸದ ಪುಡಿ ಬೆರೆಸಿದ್ದಾರೆ, ಮನೆಯಲ್ಲಿದ್ದರೆ ತಂದು ಒಪ್ಪಿಸಿ. ನಾನು ಬಾಗಿಲ ಹತ್ತಿರ ಮುಕ್ಕಾಲುಮಣೆಯ ಮೇಲೆ ಕೂತಿದ್ದೆ. ನೀನು ಸೌಟು ಹಿಡಿದು ನನ್ನ ಕಡೆ ತಿರುಗಿದೆ.

"ಮಾವಾ, ನಮ್ದು ನಮ್ದೇ ತಾನೇ?"

ಒಂದು ಮಾತು ಸಾಕಾಗಿತ್ತು. ಅಕ್ಕ ಮಂಚದಿಂದ ನೋಡುತ್ತಿದ್ದಳು. "ನಮ್ಮಮ್ಮನ ಸಮಾಧಿಯ ಆಣೆ, ನಮ್ದೇ" ಅಂದೆ. ನೀನು ಪಟ್ಟಣದ ಅಂಗಡಿಯಿಂದ ತಂದಿದ್ದ ಪೊಟ್ಟಣವನ್ನು, ಅದು ಒಳ್ಳೆಯದೇ ಇತ್ತು, ಒಲೆಗೆ ಹಾಕಿದೆ. "ಅಮ್ಮಾ, ಇನ್ಮೇಲೆ ಮನೇದು ಮಾತ್ರ" ಎಂದು ಆ ಡಬ್ಬಿ ಇಳಿಸಿದೆ. ಡಬ್ಬಿ ಎತ್ತುವಾಗ ನಿನ್ನ ಕೈಯೂ ಒಂದು ಸಲ ಕೆಳಗೆ ಜಗ್ಗಿತು, ನೋಡಿದೆ. ಕೋಳಿ ಸೂಪು ಮಾಡಿದೆ, ಬಣ್ಣ ಬರಲಿ ಅಂತ ಒಂದು ಚಮಚ ಹಾಕಿದೆ. ಅಕ್ಕ ಬೇಡ ಅಂದಳು, ನೀನು ಬೇಡಿಕೊಂಡು ಕುಡಿಸಿದೆ. ನಾನು ಬಾಗಿಲಲ್ಲಿ ಕೂತು ನೋಡಿದೆ. ಮಾರನೆಯ ದಿನವೂ ಕುಡಿಸಿದೆ. ಹನ್ನೊಂದು ದಿನ.

ಇದಕ್ಕೇ ನಾನು ಈ ಕಾಗದ ಬರೆಯಲು ಹೆದರಿದ್ದು. ದೇನೆಶ್‌ನನ್ನು ಬಿಡಿಸಬೇಕಾದರೆ ನಿನಗೆ ಈ ಸೂಪಿನ ವಿಷಯ ಗೊತ್ತಾಗಬೇಕು. ಹೇಳದಿದ್ದರೆ ಅವನು ಕೊಲೆಗಾರ, ಹೇಳಿದರೆ ನಿನಗೆ ಇನ್ನು ಜನ್ಮವಿಡೀ ನಿದ್ದೆಯಿಲ್ಲ. ಎರಡನ್ನೂ ತೂಗಿ ನೋಡಿದೆ. ತೂಗಲು ನಾನು ಯಾರು? ಒಂದು ಮಾತು ಮಾತ್ರ ಕೇಳು, ಹಾಳಾದವನ ಮಾತು ಅಂತ ಬಿಡಬೇಡ: ಚಮಚ ನಿನ್ನ ಕೈಯಲ್ಲಿತ್ತು, ಕೈ ನನ್ನದು. ನೀನು ಕೇಳಿದೆ. ಕೇಳಬೇಕಾದವರನ್ನೇ ಕೇಳಿದೆ. ನಿನ್ನ ತಪ್ಪು ಇದ್ದರೆ, ಹುಟ್ಟಿದಾಗಿನಿಂದ ನನ್ನ ಕಥೆಗಳಿಗೆ ನಕ್ಕದ್ದು, ಅಷ್ಟೇ.

ಅಕ್ಟೋಬರ್ ಒಂಬತ್ತಕ್ಕೆ ಅಕ್ಕ ಹೋದಳು. ಹಿಂದಿನ ದಿನ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಏನೋ ಹೇಳಲು ಬಂದಳು. ಬಗ್ಗಿದೆ. "ಆ ಪುಡಿಗೆ ವಾಸನೆ ಇರಲಿಲ್ಲ ಕಣೋ" ಅಂದಳು. ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು. ಗೊತ್ತಿದ್ದೂ ನಿನ್ನ ಕೈಯ ಸೂಪು ಕುಡಿದಳೋ, ಅದನ್ನು ಯೋಚಿಸಲು ನನ್ನಿಂದ ಆಗುವುದಿಲ್ಲ.

ತಿಥಿಯ ಊಟದ ದಿನ, ಸತ್ತವರ ಡಬ್ಬಿ ಮನೆಯಲ್ಲಿರಬಾರದು ಎಂದು ಹೇಳಿ ಅದನ್ನು ತೆಗೆದುಕೊಂಡು ಹೋಗಿ ಹೊಳೆಗೆ ಎಸೆದೆ ಅಂದೆನಲ್ಲ, ಅದೂ ಸುಳ್ಳು. ಎಸೆಯಲು ಹೋದೆ. ಡಬ್ಬಿಯ ಮುಚ್ಚಳದಲ್ಲಿ ಅವಳ ಹೆಬ್ಬೆರಳಿನ ಗುರುತು ಇತ್ತು. ನನ್ನ ಕೊಟ್ಟಿಗೆಯಲ್ಲಿ ಕುಡುಗೋಲಿನ ಹಿಂದೆ ಇದೆ, ಅರ್ಧಕ್ಕಿಂತ ಹೆಚ್ಚು ಇದೆ.

ಇನ್ನೊಂದು ಇದೆ. ಮೊನ್ನೆ ಬುಧವಾರ, ಸತ್ತವರ ದಿನ, ನೀನು ಸಮಾಧಿಗೆ ಬಿಳಿ ಸೇವಂತಿಗೆ ಇಟ್ಟು ಬಸ್ಸಿಗೆ ಹೋದೆ. ದೇನೆಶ್‌ಗೆ ಒಳಗೆ ಬರಬೇಡ ಅಂದಿದ್ದೆಯಂತೆ. ಅವನು ಸ್ಮಶಾನದ ಗೋಡೆಯಾಚೆ, ರಸ್ತೆಯ ಬದಿಯಲ್ಲಿ, ಜಾಮಿನ ಗಾಜಿನ ಬಾಟಲಿಯೊಳಗೆ ಮೇಣದ ಬತ್ತಿ ಹಚ್ಚಿಟ್ಟುಕೊಂಡು ನಿಂತಿದ್ದ. ಲಾರಿ ಹೋದಾಗಲೆಲ್ಲ ಬತ್ತಿ ಆರುತ್ತಿತ್ತು, ಮತ್ತೆ ಹಚ್ಚುತ್ತಿದ್ದ. ಅವನ ಕೈ ನೋಡಿದ್ದೀಯಾ ಈಚೆಗೆ? ಉಜ್ಜಿ ಉಜ್ಜಿ ಉಗುರಿನ ಬುಡವೆಲ್ಲ ಹುಣ್ಣಾಗಿದೆ. ನನ್ನನ್ನು ಕಂಡು ಓಡಿ ಬಂದ.

"ವೆಂಡೆಲ್ ಮಾವಾ, ಬ್ರಷ್ ತೊಳೆದ ನೀರನ್ನ ನಾನು ಎಲ್ಲಿ ಚೆಲ್ಲಿದೆ? ಎಷ್ಟು ಯೋಚಿಸಿದ್ರೂ ನೆನಪಾಗ್ತಿಲ್ಲ. ಅಡುಗೆಮನೆ ಬಾನಿಗೆ ಚೆಲ್ಲಿದ್ನಾ? ನೀವು ನೋಡಿದ್ರಾ? ನಿಜ ಹೇಳಿ, ನಾನು ಬೇಜಾರು ಮಾಡ್ಕೊಳ್ಳಲ್ಲ."

ಮಾಡದ ತಪ್ಪನ್ನು ನೆನಪು ಮಾಡಿಕೊಳ್ಳಲು ಒದ್ದಾಡುತ್ತಿದ್ದ ಮನುಷ್ಯ. ನಾನು ಏನು ಹೇಳಿದೆ ಗೊತ್ತೇ? "ನೋಡಿದ ಹಾಗಿದೆ ಅಳಿಯಂದ್ರೇ" ಅಂದೆ. ಅವನು ತಲೆ ಅಲ್ಲಾಡಿಸಿ, "ಸರಿ ಮಾವಾ, ಗೊತ್ತಾಯ್ತಲ್ಲ, ಅಷ್ಟೇ ಸಾಕು" ಅಂದ. ನನಗೆ ಧನ್ಯವಾದವನ್ನೂ ಹೇಳಿದ.

ಮಾರನೆಯ ದಿನ ನಿನ್ನ ಕಾಗದ ಬಂತು. ಅದರ ಮಾರನೆಯ ದಿನ ದೋಣಿಯಲ್ಲಿ ಹೊಳೆ ದಾಟಿ ಗಿರಣಿಗೆ ಹೋದೆ. ನಮ್ಮ ಚೀಲ ಇನ್ನೂ ಅಲ್ಲೇ ಇತ್ತು, ಮೂಲೆಯಲ್ಲಿ, ಮರದ ಹಲಗೆಯ ಮೇಲೆ. ಕೆಲೆಮೆನ್‌ಗೆ ಅಕ್ಕ ಸತ್ತದ್ದು ಗೊತ್ತಿತ್ತು. "ಮೂರು ಸಲ ಬೇರೆಯವರು ಕೇಳಿದ್ರು ವೆಂಡೆಲ್. ಹೆಸರು ಒರೆಸೋಕೆ ಮನಸ್ಸಾಗ್ಲಿಲ್ಲ. ನಾನು ಅವತ್ತು ಸಾಲ ಕೊಟ್ಟಿದ್ರೆ..." ಅಂದ. ನೋಡು, ಈ ವಿಷ ಎಷ್ಟು ದೂರ ಹೋಗುತ್ತದೆ. ಅವನೂ ತನ್ನ ಪಾಲು ಹುಡುಕಲು ಶುರುಮಾಡಿದ್ದಾನೆ. ಕೂಲಿ ಕೊಟ್ಟೆ, ಚೀಟಿ ಬರೆಸಿಕೊಂಡೆ. ಜುಲೈ ತಿಂಗಳ ತಾರೀಖು ಹಾಕಿ, ನವೆಂಬರ್ ತನಕ ಮಾಲು ಗಿರಣಿಯಲ್ಲೇ ಇತ್ತು ಎಂದು ಬರೆದು ಸಹಿ ಹಾಕಿದ್ದಾನೆ. ಆ ಚೀಟಿ ಈ ಲಕೋಟೆಯಲ್ಲಿದೆ. ಜೋಪಾನ.

ಮಂಗಳವಾರ ಬೆಳಿಗ್ಗೆ ಆ ತಗಡಿನ ಡಬ್ಬಿ ಹಿಡಿದು ಡಾಕ್ಟರಮ್ಮನ ಹತ್ತಿರ ಹೋಗುತ್ತೇನೆ, ಅಲ್ಲಿಂದ ಪೊಲೀಸ್ ಠಾಣೆಗೆ. ವ್ಯಾನಿನವನ ಮುಖ ಹೇಗಿತ್ತು ಎಂದು ಕೇಳುತ್ತಾರೆ. ಮುಖ ನೆನಪಿಲ್ಲ, ತಜ್ಞ ಅಂದದ್ದು ಮಾತ್ರ ನೆನಪಿದೆ. ಯೂಲಿಯ ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸು. ದೇನೆಶ್‌ಗೆ ಕೊಟ್ಟಿಗೆಯ ಕಿಟಕಿಯ ವಿಷಯ ನೀನೇ ಹೇಳು, ನನ್ನ ಬಾಯಿಂದ ಬಂದರೆ ಅವನು ನಂಬಲಾರ. ಬ್ರಷ್ ತೊಳೆದ ನೀರನ್ನು ಅವನು ಆಕ್ರೋಟದ ಮರದ ಹಿಂದೆ, ಗುಂಡಿ ತೋಡಿ ಚೆಲ್ಲಿ ಮಣ್ಣು ಮುಚ್ಚಿದ. ನಾನು ನೋಡಿದ್ದೆ. ಅಷ್ಟು ಜೋಪಾನದವನು ಅವನು.

ಎಂಬತ್ತು ಸಾವಿರ ಎಂದು ಬರೆದೆನಲ್ಲ, ಅದು ಎಂಟು ಸಾವಿರ. ತಿದ್ದಲು ಹೋದರೆ ಹಾಳೆ ಕೊಳೆಯಾಗುತ್ತದೆ, ಅದಕ್ಕೆ ಇಲ್ಲಿ ಹೇಳಿದೆ.

ಈ ಕಾಗದವನ್ನು ನಾಳೆ ಬೆಳಗಿನ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತೇನೆ. ಅಂಚೆಗೆ ಹಾಕಿದರೆ ಗುರುವಾರದ ಒಳಗೆ ತಲುಪದೆ ಹೋದೀತು. ನನಗೆ ಉತ್ತರ ಬರೆಯಬೇಡ. ಬೈಯುವುದಕ್ಕೂ ಬರೆಯಬೇಡ, ಬೈಗುಳ ಕೂಡ ನನಗೆ ಹಿತವಾದೀತು.

ನಿನ್ನ ಮಾವ ಎನ್ನಿಸಿಕೊಂಡಿದ್ದ
ವೆಂಡೆಲ್

ಮರೆತ ಮಾತು: ಸಹಿ ಹಾಕಿ ಲಕೋಟೆ ಅಂಟಿಸುವಾಗ ಚೀಟಿಯನ್ನು ಮತ್ತೆ ನೋಡಿದೆ. ಕೆಲೆಮೆನ್ ಕೂಲಿಯ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದುಬಿಟ್ಟಿದ್ದಾನೆ, ಹೇಗಿದ್ದರೂ ನಿನಗೆ ಗೊತ್ತಾಗುತ್ತದೆ. ಬುಡಾಪೆಸ್ಟಿನ ಆಸಾಮಿ ಇರಲಿಲ್ಲ, ಉಂಗುರ ಇರಲಿಲ್ಲ. ಎದುರಿಗೆ ಕ್ಷೌರದ ಬಾಲಿಂತ್ ಒಬ್ಬನೇ, ಅರ್ಧ ಗಂಟೆ. ನನ್ನ ಜೇಬಿನಲ್ಲಿ ನನ್ನದು ಅಂತ ಒಂದು ಕಾಸೂ ಇರಲಿಲ್ಲ. ಎಂಬತ್ತು ಸಾವಿರವೂ ಅಲ್ಲ, ಎಂಟು ಸಾವಿರವೂ ಅಲ್ಲ. ನಾನು ಸೋತದ್ದು ಅಕ್ಕ ಗಂಟು ಕಟ್ಟಿಕೊಟ್ಟದ್ದಷ್ಟೇ. ಮುನ್ನೂರ ನಲವತ್ತು ಫೊರಿಂಟ್. ಅವತ್ತು ಕೊಯ್ದ ಆ ಹುಂಜಕ್ಕೆ ಸಂತೆಯಲ್ಲಿ ಅದಕ್ಕಿಂತ ಹೆಚ್ಚು ಕೊಡುತ್ತಿದ್ದರು.